ಎರಡು ಸಾವಿರ ಸುತ್ತಿನ ಸುಖ

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುತ್ತಿದ್ದೀರಿ. ಕಾರಿನಲ್ಲಿ ಐದು ಜನ. ಡಿಕ್ಕಿಯಲ್ಲಿ ಊರಿನ ತೆಂಗಿನಕಾಯಿ, ಎರಡು ಹಲಸಿನಹಣ್ಣು, ಒಂದು ಚೀಲ ಕುಚ್ಚಲಕ್ಕಿ. ಮುಂದೆ ಏದುಸಿರು ಬಿಡುತ್ತ ಗ್ಯಾಸ್ ಟ್ಯಾಂಕರೊಂದು ಹೋಗುತ್ತಿದೆ. ಮೂರನೇ ಗೇರು, ಮುಳ್ಳು ಎರಡು ಸಾವಿರದ ಆಸುಪಾಸು. ತಿರುವು ಮುಗಿದು ರಸ್ತೆ ನೇರವಾಗಿ ಕಂಡಾಗ ಟ್ಯಾಂಕರಿನವನು ಎಡಕ್ಕೆ ಸರಿದು ಕೈ ಬೀಸುತ್ತಾನೆ. ಗೇರು ಇಳಿಸುವ ಗೋಜಿಲ್ಲ. ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿದರೆ ಸಾಕು, ಬೆನ್ನಿಗೆ ಯಾರೋ ಅಂಗೈ ಕೊಟ್ಟು ನೂಕಿದಂತೆ ಕಾರು ಮೇಲೇರುತ್ತದೆ. ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗು ಮಗ್ಗುಲು ಬದಲಿಸುವುದಿಲ್ಲ, ಅಮ್ಮನ ಮಾತು ತುಂಡಾಗುವುದಿಲ್ಲ.

ಡೀಸೆಲ್ ಕ್ರಾಸೋವರನ್ನು ನಾನು ಮೆಚ್ಚುವುದು ಈ ಒಂದು ಗುಣಕ್ಕೆ. ದನಿ ಏರಿಸದೆ ಕೆಲಸ ಮಾಡಿ ಮುಗಿಸುವ ಬಲ ಅದು. ಆ ಬಲ ಎಂಜಿನ್ನಿನಲ್ಲಿ ಹುಟ್ಟುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದು ನೆಲಕ್ಕೆ ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳ ಮೂಲಕ ಎನ್ನುವುದನ್ನು ಮಾತ್ರ ನಾವು ಮರೆತಿರುತ್ತೇವೆ. ಈ ಕಾರಿನ ಪೂರ್ತಿ ರುಚಿ ಬೇಕಾದವರು ಎಂಜಿನ್ನಿನಿಂದ ಟೈರಿನವರೆಗೂ ಆ ಬಲದ ಹಿಂದೆಯೇ ಹೋಗಬೇಕು.

ನಮ್ಮ ಮನೆಯಲ್ಲಿರುವುದು 2020ರಲ್ಲಿ ಬಂದ ಎರಡನೇ ತಲೆಮಾರಿನ ಹುಂಡೈ ಕ್ರೆಟಾ. 1,493 ಸಿಸಿಯ ಡೀಸೆಲ್ ಎಂಜಿನ್, ಆರು ಗೇರಿನ ಮ್ಯಾನ್ಯುವಲ್. ಇದೇ ಕಾರು 1.5 ಲೀಟರಿನ ಸಾದಾ ಪೆಟ್ರೋಲ್ ಎಂಜಿನ್ನಿನಲ್ಲೂ ಬಂತು. ಶೋರೂಮಿನಲ್ಲಿ ಕೊಡುವ ಹಾಳೆಯಲ್ಲಿ ಎರಡರ ಮುಂದೆಯೂ 115 ಪಿಎಸ್ ಎಂದೇ ಬರೆದಿತ್ತು. ಹಾಳೆ ನೋಡಿದವರಿಗೆ ಎರಡೂ ಒಂದೇ. ಓಡಿಸಿದವರಿಗೆ ಹಾಗಲ್ಲ. ಪೆಟ್ರೋಲ್ ಎಂಜಿನ್ ಆ 115ನ್ನು ಮುಟ್ಟುವುದು 6,300 ಆರ್‌ಪಿಎಮ್ಮಿನಲ್ಲಿ, ಡೀಸೆಲ್ 4,000ದಲ್ಲೇ. ಪೆಟ್ರೋಲಿನ ಗರಿಷ್ಠ ಟಾರ್ಕ್ 144 ನ್ಯೂಟನ್ ಮೀಟರ್, ಅದೂ 4,500ರಲ್ಲಿ. ಡೀಸೆಲ್ಲಿನದು 250, ಅದು 1,500ರಿಂದ 2,750ರವರೆಗೆ ಸಮತಟ್ಟಾಗಿ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: 1,500 ಸುತ್ತಿನಲ್ಲಿ ಡೀಸೆಲ್ ಎಂಜಿನ್ ಕೊಡುವ ಶಕ್ತಿ ಸುಮಾರು 53 ಪಿಎಸ್. ಪೆಟ್ರೋಲ್ ಎಂಜಿನ್ ಆ ಸುತ್ತಿನಲ್ಲಿ ಏನೇ ಮಾಡಿದರೂ 31 ದಾಟಲಾರದು. ಎರಡು ಗೇರು ಇಳಿಸಿ, ಮುಳ್ಳನ್ನು ನಾಲ್ಕೂವರೆ ಸಾವಿರಕ್ಕೆ ಏರಿಸಿದರೆ ಪೆಟ್ರೋಲ್ ಕಾರೂ ಘಾಟಿಯನ್ನು ಚುರುಕಾಗಿಯೇ ಹತ್ತುತ್ತದೆ. ಆದರೆ ಅಷ್ಟು ಹೊತ್ತಿಗೆ ಮಗು ಎದ್ದಿರುತ್ತದೆ.

ಆ ಸಮತಟ್ಟು ಎಲ್ಲಿಂದ ಬಂತು ಎಂದು ಬಲ್ಲವರಿಗೆ ಸುಖ ಇಮ್ಮಡಿ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿ, ಆ ಒತ್ತಡಕ್ಕೇ ಅದು ಕಾದಾಗ ಇಂಧನ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ವವೂ ಇದೇ. ಲೀಟರ್ ಲೆಕ್ಕದಲ್ಲಿ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿ ಅಡಗಿದೆ. ಅದಕ್ಕೆ ಟರ್ಬೊ ಸೇರಿದಾಗ ಸಣ್ಣ ಎಂಜಿನ್ನಿಗೆ ದೊಡ್ಡ ಎದೆ ಬಂತು. ಕ್ರೆಟಾದ ಟರ್ಬೊದೊಳಗೆ ಪುಟ್ಟ ರೆಕ್ಕೆಗಳಿವೆ. ಎಂಜಿನ್ ನಿಧಾನವಾಗಿ ತಿರುಗುವಾಗ ಟರ್ಬೊವನ್ನು ತಿರುಗಿಸುವ ಹೊಗೆಯ ಹರಿವು ಕಮ್ಮಿ. ಆಗ ರೆಕ್ಕೆಗಳು ದಾರಿಯನ್ನು ಕಿರಿದಾಗಿಸಿ ಹೊಗೆಗೆ ವೇಗ ಕೊಡುತ್ತವೆ. ವೇಗ ಹೆಚ್ಚಿದಂತೆ ತೆರೆದುಕೊಂಡು ದಾರಿ ಅಗಲ ಮಾಡುತ್ತವೆ. 1,500ರಲ್ಲೇ ಬಲ ಪೂರ್ತಿ ಒದಗಿಬರುವುದರ ಗುಟ್ಟು ಇದು.

ಹಳೆಯ ಡೀಸೆಲ್ ಕಾರುಗಳ ಟಕಟಕ ಸದ್ದು ಅಡಗಿದ ಕಥೆ ಇನ್ನೂ ಚೆನ್ನ. ಮೊದಲು ಒಂದೊಂದು ಸಿಲಿಂಡರಿಗೂ ಪಂಪು ತನ್ನ ಸರದಿಯಲ್ಲಿ ಇಂಧನ ತಳ್ಳುತ್ತಿತ್ತು. ಎಲ್ಲ ಒಮ್ಮೆಗೇ ಹೊತ್ತಿ ಬಡಿಯುತ್ತಿತ್ತು. ಕಾಮನ್ ರೈಲ್ ಬಂದ ಮೇಲೆ ಭಾರೀ ಒತ್ತಡದ ಇಂಧನ ಒಂದೇ ಕೊಳವೆಯಲ್ಲಿ ಸದಾ ಸಿದ್ಧವಾಗಿರುತ್ತದೆ, ಇಂಜೆಕ್ಟರ್ ಬೇಕೆಂದಾಗ ಬೇಕಾದಷ್ಟೇ ಬಿಡುತ್ತದೆ. ಮುಖ್ಯ ಸಿಂಪಡಿಕೆಗೆ ಮುನ್ನ ಒಂದು ಚೂರು ಇಂಧನ ಹೋಗಿ ಒಳಗಿನ ಬಿಸಿಯನ್ನು ಹದಗೊಳಿಸುತ್ತದೆ, ಆಮೇಲೆ ಒತ್ತಡ ಮೆತ್ತಗೆ ಏರುತ್ತದೆ. ಫಿಯೆಟ್ ಬೆಳೆಸಿ, ಬಾಷ್ ಕೈಗೆತ್ತಿಕೊಂಡ ಈ ವ್ಯವಸ್ಥೆ 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಮೊದಲಿಗೆ ರಸ್ತೆಗಿಳಿಯಿತು. ಬೆಂಗಳೂರಿಗರಿಗೆ ಈ ವಂಶಾವಳಿ ದೂರದ್ದೇನಲ್ಲ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ನೆಲೆನಿಂತ ಮೈಕೋ, ದೇಶದ ಲಾರಿ-ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪು ಮಾಡಿಕೊಟ್ಟ ಕಾರ್ಖಾನೆ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು, ಬಡಾವಣೆಯ ಹೆಸರು ಮಾತ್ರ ಮೈಕೋ ಲೇಔಟ್ ಆಗಿಯೇ ಉಳಿಯಿತು.

ಇಷ್ಟನ್ನು ತಿಳಿದು ಹಾಸನದ ಹೆದ್ದಾರಿಗೆ ಬನ್ನಿ. ಆರನೇ ಗೇರು, ಗಂಟೆಗೆ ನೂರು, ಮುಳ್ಳು ಎರಡು ಸಾವಿರದ ಹತ್ತಿರ ಕದಲದೆ ನಿಂತಿದೆ. ಸಮತಟ್ಟಿನ ನಟ್ಟನಡುವೆ ಇದ್ದೀರಿ. ಏರು ಬಂದರೂ ಗೇರು ಅದೇ, ಕುಣಿಗಲ್ ಕಡೆಯಿಂದ ಬರುವ ಎದುರುಗಾಳಿಗೂ ಗೇರು ಅದೇ. 50 ಲೀಟರಿನ ಟ್ಯಾಂಕು ತುಂಬಿಸಿ ಬೆಂಗಳೂರು ಬಿಟ್ಟರೆ ಮಂಗಳೂರು ಮುಟ್ಟಿ ವಾಪಸು ಬರುವವರೆಗೆ ಬಂಕಿನ ಯೋಚನೆ ಬೇಡ. ಆತುರ ಮತ್ತು ಆತಂಕ ಎರಡೂ ಇಲ್ಲದ ಪಯಣವನ್ನು ಇಷ್ಟು ಕಡಿಮೆ ಗದ್ದಲದಲ್ಲಿ ಕೊಡುವ ಯಂತ್ರ ನಮ್ಮ ಮಧ್ಯಮವರ್ಗದ ಮನೆಯಂಗಳಕ್ಕೆ ಹಿಂದೆ ಬಂದಿರಲಿಲ್ಲ.

ಇಂಥ ಎಂಜಿನ್ ಕೈಗೆ ಸಿಕ್ಕವರಿಗೆ ಇನ್ನಷ್ಟು ಬೇಕೆನಿಸುವುದು ಸಹಜ. ರಿಮ್ಯಾಪ್ ಎನ್ನುವುದು ಅಂಥವರ ಲೋಕದ ಮಾತು. ಎಂಜಿನ್ನಿನ ಕಂಪ್ಯೂಟರಿನೊಳಗೆ ಕೋಷ್ಟಕಗಳಿರುತ್ತವೆ: ಇಷ್ಟು ಸುತ್ತಿಗೆ, ಇಷ್ಟು ಒತ್ತಿಗೆ ಎಷ್ಟು ಇಂಧನ, ಎಷ್ಟು ಟರ್ಬೊ ಒತ್ತಡ, ಹೊಗೆಯ ಮಿತಿ ಎಲ್ಲಿ, ಟಾರ್ಕಿನ ಮಿತಿ ಎಲ್ಲಿ ಎಂದು. ಸ್ಟೇಜ್ 1 ಎಂದು ಕರೆಯುವ ಕೆಲಸದಲ್ಲಿ ಯಾವ ಬಿಡಿಭಾಗವನ್ನೂ ಬದಲಿಸದೆ ಈ ಅಂಕಿಗಳನ್ನಷ್ಟೇ ತಿದ್ದುತ್ತಾರೆ. ಟ್ಯೂನಿಂಗ್ ಬಾಕ್ಸಿನ ಹಾದಿ ಬೇರೆ. ಅದು ಕಾಮನ್ ರೈಲಿನ ಕೊಳವೆಯೊಳಗೆ ಒತ್ತಡ ಕಡಿಮೆಯಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿ ಹೆಚ್ಚು ಇಂಧನ ಬಿಡಿಸುತ್ತದೆ. ಅಂಕಿ ತಿದ್ದುವವರಲ್ಲಿ ನಿಜವಾದ ಕುಶಲರಿದ್ದಾರೆ. ಗಾಡಿಯನ್ನು ಡೈನೊ ಮೇಲೇರಿಸಿ, ಹೊಗೆಯ ಬಿಸಿ ನೋಡಿ, ಟಾರ್ಕ್ ರೇಖೆ ದಿಢೀರನೆ ನೆಗೆಯದಂತೆ ತಿದ್ದಿತೀಡುವ ಅವರ ತಾಳ್ಮೆಗೆ ನನ್ನ ಗೌರವವಿದೆ. ಅವರು ಮಾಡಿದ ಗಾಡಿ ಓಡಿಸಿದಾಗ ಬಲ ಹೆಚ್ಚಿದ್ದು ತಿಳಿಯುತ್ತದೆ, ಎಲ್ಲಿ ಹೆಚ್ಚಿತೆಂಬ ಹೊಲಿಗೆ ಕಾಣುವುದಿಲ್ಲ.

ಆದರೂ ನನ್ನ ಕಾರನ್ನು ನಾನು ಅಲ್ಲಿಗೆ ಒಯ್ದಿಲ್ಲ. ಅದಕ್ಕೆ ಕಾರಣಗಳಿವೆ. ವಾರಂಟಿ ಹೋಗುತ್ತದೆ, ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಸುಲಭಕ್ಕೆ ಬಿಡುವುದಿಲ್ಲ. ಕ್ಲಚ್ಚು ಇರುವುದು ಹಳೆಯ ಟಾರ್ಕಿನ ಅಳತೆಗೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಹೆಚ್ಚು ಇಂಧನ ಎಂದರೆ ಅದಕ್ಕೆ ಹೆಚ್ಚು ಮಸಿ. ಇವೆಲ್ಲಕ್ಕಿಂತ ದೊಡ್ಡ ಕಾರಣ ರಸ್ತೆಯ ಮೇಲಿದೆ. ಕ್ರೆಟಾ ಮುಂದಿನ ಚಕ್ರಗಳಿಂದ ಎಳೆಯುವ ಕಾರು. ಮಳೆಗಾಲದ ಆಗುಂಬೆಯಲ್ಲಿ ಹೇರ್‌ಪಿನ್ ತಿರುವಿನಲ್ಲಿ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲಿ, ಒಳಮಗ್ಗುಲಿನ ಮುಂಚಕ್ರ ಹಗುರಾಗುತ್ತದೆ. ಆಗ ಮೊದಲ ಗೇರಿನಲ್ಲಿ ಕಂಪನಿ ಕೊಟ್ಟ 250 ನ್ಯೂಟನ್ ಮೀಟರೇ ನೆಲದ ಹಿಡಿತಕ್ಕಿಂತ ಹೆಚ್ಚಾಗಿ, ಟ್ರಾಕ್ಷನ್ ಕಂಟ್ರೋಲಿನ ದೀಪ ಮಿಣುಕುತ್ತದೆ. ಇರುವ ಬಲವೇ ನೆಲಕ್ಕೆ ಇಳಿಯದಿರುವಾಗ ಇನ್ನಷ್ಟು ಬಲ ತಂದು ಮಾಡುವುದೇನು? ಇಂಥ ಕಾರಿಗೆ ಮಾಡಬಹುದಾದ ಅತ್ಯುತ್ತಮ ಟ್ಯೂನಿಂಗ್ ಒಳ್ಳೆಯ ಟೈರು ಎಂದು ನಾನು ನಂಬಿರುವುದು ಇದಕ್ಕೇ.

ಟೈರನ್ನು ಕರಿಯ ಬಳೆಯೆಂದು ನೋಡುವವರಿಗೆ ಅದರೊಳಗಿನ ಕುಸುರಿ ಕಾಣದು. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರಿನಲ್ಲಿ ಒಳಗಿನ ನೂಲುಗಳು ಒಂದಂಚಿನಿಂದ ಇನ್ನೊಂದಂಚಿಗೆ ಅಡ್ಡವಾಗಿ ಸಾಗುತ್ತವೆ, ಮೇಲೆ ಉಕ್ಕಿನ ಪಟ್ಟಿ. ಹಾಗಾಗಿ ಪಕ್ಕದ ಗೋಡೆ ಮೆತ್ತಗೆ ಬಾಗುತ್ತದೆ, ನೆಲ ಮುಟ್ಟುವ ಭಾಗ ಚಪ್ಪಟೆಯಾಗಿ ಕೂರುತ್ತದೆ. ಹಿಡಿತ ಮತ್ತು ಮೆತ್ತನೆ ಎರಡೂ ಒಂದೇ ಟೈರಿನಲ್ಲಿ ಸಿಕ್ಕಿದ್ದು ಹೀಗೆ. 1992ರಲ್ಲಿ ಅದೇ ಕಂಪನಿ ಇಂಗಾಲದ ಪುಡಿಯ ಬಹುಭಾಗದ ಜಾಗಕ್ಕೆ ಸಿಲಿಕಾ ತಂದಿತು. ಅದುವರೆಗೆ ಉರುಳುವ ಸೆಳೆತ ಇಳಿಸಿದರೆ ಒದ್ದೆ ರಸ್ತೆಯ ಹಿಡಿತ ಹೋಗುತ್ತಿತ್ತು, ಹಿಡಿತ ಹೆಚ್ಚಿಸಿದರೆ ಬಾಳಿಕೆ ಹೋಗುತ್ತಿತ್ತು. ಸಿಲಿಕಾ ಈ ಮೂರರ ಹಗ್ಗಜಗ್ಗಾಟವನ್ನು ಸಡಿಲಿಸಿತು, ಪೂರ್ತಿ ಬಿಡಿಸಲಿಲ್ಲ. ಇಂದಿಗೂ ಟೈರು ಆರಿಸುವುದೆಂದರೆ ಈ ಮೂರರಲ್ಲಿ ಯಾವುದಕ್ಕೆ ಮೊದಲ ಮಣೆ ಎಂದು ತೀರ್ಮಾನಿಸುವುದು.

ಶಿರಾಡಿ ಇಳಿದು ಪುತ್ತೂರು, ಸುಳ್ಯದ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿ ರಬ್ಬರ್ ತೋಟಗಳು. ಬೆಳಗಿನ ಜಾವ ತೊಗಟೆ ಗೀರಿ ಗೆರಟೆಗೆ ಇಳಿಸಿದ ಹಾಲು ಹೆಪ್ಪುಗಟ್ಟಿ, ಹಾಳೆಯಾಗಿ, ಹೊಗೆಮನೆಯಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಕಾರಿನ ಟೈರಿನ ಮೇಲ್ಮೈಯಲ್ಲಿ ಕೃತಕ ರಬ್ಬರಿನದೇ ಮೇಲುಗೈ. ಆದರೆ ಬಾಗಿ ಬಾಗಿ ಏಳಬೇಕಾದ ಪಕ್ಕದ ಗೋಡೆಗೆ ಮರದ ರಬ್ಬರು ಇಂದಿಗೂ ಬೇಕೇ ಬೇಕು. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಕೈಸೇರಿತು, ಅಲ್ಲಿ ಇಂದಿಗೂ ಟೈರು ತಯಾರಾಗುತ್ತದೆ. ರಬ್ಬರು ಬೆಳೆಯುವ ಬೆಟ್ಟವೂ ಟೈರು ಹುಟ್ಟುವ ಊರೂ ಒಂದು ಹಗಲಿನ ಪಯಣದೊಳಗೇ ಇರುವ ನಾಡು ನಮ್ಮದು. ಈ ವಸ್ತುವನ್ನು ಹತ್ತಿರದಿಂದ ನೋಡಲು ಇನ್ನೇನು ನೆಪ ಬೇಕು?

ಟೈರಿನ ಪಕ್ಕದ ಬರಹವನ್ನು ಓದಲು ಕಲಿತರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಅವಸರಪಡಿಸಲಾರರು. ನನ್ನ ಕಾರಿನದು 215/60 ಆರ್17 96ಎಚ್. ಅಗಲ 215 ಮಿಲಿಮೀಟರ್. ಗೋಡೆಯ ಎತ್ತರ ಅದರ ಶೇಕಡಾ 60, ಅಂದರೆ 129 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. ರಿಮ್ಮು 17 ಇಂಚು. 96 ಎಂದರೆ ಒಂದು ಟೈರು ಹೊರಬಹುದಾದ ಭಾರ 710 ಕಿಲೊ, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನ ಮಿತಿ. ಕೊನೆಗೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ: 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಕೊಳ್ಳುವ ಮುನ್ನ ನಾಲ್ಕೂ ಟೈರಿನಲ್ಲಿ ಈ ಅಂಕಿ ನೋಡಿ. ಗೋದಾಮಿನಲ್ಲಿ ಕುಳಿತು ಹಳತಾದ ಟೈರು ಬಣ್ಣದಲ್ಲಿ ಹೊಸದರಂತೆಯೇ ಇರುತ್ತದೆ.

ಅಳತೆಯ ವಿಷಯದಲ್ಲಿ ನನ್ನದು ಮೂಲಕ್ಕೆ ನಿಷ್ಠೆ. 18 ಇಂಚಿನ ರಿಮ್ಮಿಗೆ 215/55 ಟೈರು ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನೋಟವೂ ಬಿಗಿಯಾಗುತ್ತದೆ. ಆದರೆ ಗೋಡೆ 118 ಮಿಲಿಮೀಟರಿಗೆ ಇಳಿಯುತ್ತದೆ. ಕಳೆದುಹೋದ ಆ 11 ಮಿಲಿಮೀಟರ್ ಗಾಳಿಯೇ ಮಲೆನಾಡಿನ ಗುಂಡಿಗಳಲ್ಲಿ ಅಮ್ಮನ ಸೊಂಟವನ್ನು ಕಾಯುವಂಥದ್ದು. ಇನ್ನೊಂದು ಕಡೆ, ದಪ್ಪನೆ ಕಾಣಲೆಂದು 225/65 ಆರ್17 ಹಾಕಿಸುವವರಿದ್ದಾರೆ. ಚಕ್ರ ಶೇಕಡಾ 5ರಷ್ಟು ದೊಡ್ಡದಾಗುತ್ತದೆ, ಸ್ಪೀಡೋಮೀಟರ್ ಅಷ್ಟೇ ಹಿಂದೆ ಬೀಳುತ್ತದೆ. ಎಲ್ಲ ಗೇರುಗಳೂ ಅಷ್ಟು ಉದ್ದವಾಗಿ, ಏರಿನಲ್ಲಿ ಸಿಗುತ್ತಿದ್ದ ಆ ಸಮತಟ್ಟಿನ ಬಲ ಕೈಗೆ ಬರುವುದು ತಡವಾಗುತ್ತದೆ. ಎಂಜಿನ್ನಿಗೆ ದುಡ್ಡು ಸುರಿಯುವವರು ಪಡೆಯಲು ಹೊರಟದ್ದನ್ನೇ ಟೈರಿನ ಆಸೆಗೆ ಕೊಟ್ಟುಬಿಟ್ಟಂತಾಯಿತು.

ಜಾತಿಯಲ್ಲಿ ಎರಡು ಬಗೆ ಮುಖ್ಯ. ಎಚ್‌ಟಿ ಹೆದ್ದಾರಿಗೆ, ಎಟಿ ಮಣ್ಣಿಗೂ ಕಲ್ಲಿಗೂ. ಕಾಫಿ ತೋಟದ ಕೊನೆಯ ಎರಡು ಕಿಲೋಮೀಟರ್ ಕೆಸರಿನ ಏರಾದವರಿಗೆ ಎಟಿ ಟೈರಿನ ದಪ್ಪ ಹಲ್ಲು ದಿನವೂ ಉಪಕಾರಿ, ಅವರು ಅದನ್ನೇ ಹಾಕಿಸಲಿ. ಡಾಂಬರು, ಕಾಂಕ್ರೀಟಿನಲ್ಲೇ ವರ್ಷ ಕಳೆಯುವ ಮನೆಯ ಕಾರಿಗೆ ಅದೇ ಹಲ್ಲು ಗುಂಯ್ಗುಡುವ ಸದ್ದಾಗುತ್ತದೆ, ಮೈಲೇಜು ಕೀಳುತ್ತದೆ. ನನ್ನ ಕ್ರಮ ಹೀಗೆ: ಮೊದಲು ಒದ್ದೆ ರಸ್ತೆಯ ಹಿಡಿತ, ಆಮೇಲೆ ಮೆತ್ತನೆ ಮತ್ತು ಮೌನ, ಕೊನೆಗೆ ಬಾಳಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ಮಳೆ ನೋಡಿದವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ.

ಮೌನದ ಬಗ್ಗೆ ಒಂದು ಮಾತು. ಟೈರಿನ ಮೇಲ್ಮೈಯ ಗಟ್ಟಿಗಳನ್ನು ಬೆರಳಿನಿಂದ ಸವರಿ ನೋಡಿ, ಅವು ಒಂದೇ ಅಳತೆಯಲ್ಲಿರುವುದಿಲ್ಲ. ಒಂದೇ ಅಳತೆಯಿದ್ದರೆ ಎಲ್ಲವೂ ಒಂದೇ ಲಯದಲ್ಲಿ ನೆಲ ಬಡಿದು ಒಂದೇ ಶ್ರುತಿ ಕಿವಿಗೆ ಚುಚ್ಚುತ್ತದೆ. ಅದಕ್ಕಾಗಿ ಸಣ್ಣದು, ದೊಡ್ಡದು, ನಡುವಿನದು ಎಂದು ಬೆರೆಸಿ ಶ್ರುತಿಯನ್ನು ಒಡೆದು ಹರಡಿರುತ್ತಾರೆ. ಒಳ್ಳೆಯ ಟೈರಿನ ಸದ್ದು ಡಾಂಬರಿನಲ್ಲಿ ಉಸಿರಿನಷ್ಟೇ. ಶಿರಾಡಿಯ ಕಾಂಕ್ರೀಟಿಗೆ ಏರಿದಾಗ ಒಂದು ತೆಳು ಗುನುಗು ಸೇರುತ್ತದೆ, ರಸ್ತೆಯ ಮೈ ಬದಲಾದದ್ದು ಕಿಟಕಿ ನೋಡದೆಯೂ ತಿಳಿಯುತ್ತದೆ.

ಟೈರು ಹಾಕಿಸಿದ ಮೇಲಿನ ಟ್ಯೂನಿಂಗ್ ಗಾಳಿಯದು. 1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನಗಳ ಚಕ್ರಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ ಒಂದು ಸರಳ ಸೂತ್ರ ಹೊರಟಿತು. ನೀರು ನಿಂತ ರಸ್ತೆಯಲ್ಲಿ ಸವೆದ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುವ ವೇಗ, ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಆ ಲೆಕ್ಕದಲ್ಲಿ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 96 ಕಿಲೋಮೀಟರ್, 25ಕ್ಕೆ ಇಳಿದಿದ್ದರೆ 83. ಬಂಕಿನ ಮೂಲೆಯಲ್ಲಿ ಐದು ನಿಮಿಷ ನಿಂತು ಗಾಳಿ ಹಾಕಿಸಿದ್ದಕ್ಕೆ ಸಿಗುವ ಫಲ ಇದು. ಟೈರು ತಣ್ಣಗಿರುವಾಗಲೇ ನೋಡಬೇಕು, ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯ ಅಂಕಿಯನ್ನೇ ಪಾಲಿಸಬೇಕು. ತುಂಬು ಸಂಸಾರಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು. ಸ್ಟೆಪ್ನಿಯನ್ನೂ ಮರೆಯಬಾರದು. ಕಾನೂನು 1.6 ಮಿಲಿಮೀಟರಿನವರೆಗೆ ಸವೆಯಲು ಬಿಡುತ್ತದೆ, ನಮ್ಮ ಮಳೆಗೆ ಮೂರು ಮಿಲಿಮೀಟರಿನಲ್ಲೇ ಬದಲಿಸುವುದು ಲೇಸು.

ಎರಡೇ ಟೈರು ಹೊಸದು ಹಾಕಿಸುವಾಗ ಅಂಗಡಿಯ ಹುಡುಗ ಕೇಳುತ್ತಾನೆ: “ಮುಂದಕ್ಕೇ ಹಾಕ್ಬಿಡ್ಲಾ ಸಾರ್?” ಎಳೆಯುವುದು ಮುಂದಿನ ಚಕ್ರ ಎನ್ನುವುದು ಅವನ ನ್ಯಾಯ. ಹಿಂದಕ್ಕೆ ಹಾಕಪ್ಪಾ ಎನ್ನಬೇಕು. ಮುಂದಿನ ಹಿಡಿತ ತಪ್ಪಿದರೆ ಸ್ಟೀರಿಂಗಿಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಕಾರು ಮಾತು ಕೇಳುತ್ತದೆ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ತಿರುಗಿ ನಿಲ್ಲುವವರೆಗೆ ಸಮಯವೇ ಇರುವುದಿಲ್ಲ. ಆಮೇಲೆ ಅಲೈನ್‌ಮೆಂಟು, ಬ್ಯಾಲೆನ್ಸಿಂಗ್. ರಿಮ್ಮಿನಂಚಿಗೆ ಅಂಟಿಸುವ ಕೆಲವು ಗ್ರಾಮಿನ ತೂಕ ನೂರರ ವೇಗದಲ್ಲಿ ಸ್ಟೀರಿಂಗ್ ನಡುಗುವುದೋ ನಿಶ್ಚಲವಾಗುವುದೋ ಎಂದು ನಿರ್ಧರಿಸುತ್ತದೆ. ಈ ಕೆಲಸ ಬಲ್ಲವನು ಯಂತ್ರ ಸೊನ್ನೆ ತೋರಿಸಿದ ಮೇಲೂ ಚಕ್ರವನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತಾನೆ. ಅಂಥವನ ಅಂಗಡಿಯನ್ನು ಊರಾಚೆಗಿದ್ದರೂ ಹುಡುಕಿ ಹೋಗಬೇಕು.

ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿತು. ಕ್ರೆಟಾಗೂ 2025ರಲ್ಲಿ ವಿದ್ಯುತ್ ತಮ್ಮ ಹುಟ್ಟಿದ್ದಾನೆ. ಡೀಸೆಲ್ಲಿನ ಕಾಲ ಎಷ್ಟು ದಿನವಿದ್ದರೂ ಅದು ನಮಗೆ ಕಲಿಸಿದ ರುಚಿ ಉಳಿಯುವಂಥದ್ದು. ವಿದ್ಯುತ್ ಮೋಟಾರಿಗೆ 1,500 ಸುತ್ತಿನವರೆಗೂ ಕಾಯಬೇಕಾಗಿಲ್ಲ, ನಿಂತಲ್ಲೇ ಪೂರ್ತಿ ಟಾರ್ಕ್. ಬ್ಯಾಟರಿಯಿಂದಾಗಿ ಕಾರಿನ ತೂಕವೂ ಹೆಚ್ಚು. ಎಂಜಿನ್ ಸದ್ದು ಇಲ್ಲದಿರುವಾಗ ಟೈರಿನ ಸದ್ದೇ ಮುಂದೆ ಬರುತ್ತದೆ. ಬಲ ಎಷ್ಟೇ ಬದಲಾಗಲಿ, ಅದನ್ನು ನೆಲಕ್ಕೆ ತಲುಪಿಸುವ ಕೆಲಸ ಅದೇ ನಾಲ್ಕು ಅಂಗೈಗಳದ್ದು, ಅವುಗಳ ಹೊಣೆ ಇನ್ನೂ ದೊಡ್ಡದಾಗುತ್ತದೆ. ಹಾಗಾಗಿ ಮುಂದಿನ ಕಾರು ಯಾವುದೇ ಆಗಿರಲಿ, ಅದರ ಪಿಕಪ್ ಎಷ್ಟೆಂದು ಕೇಳುವ ಮುನ್ನ ಬಗ್ಗಿ ಟೈರಿನ ಗೋಡೆಯ ಬರಹ ಓದುವ ಅಭ್ಯಾಸ ನನ್ನದು, ನಿಮ್ಮದೂ ಆಗಲಿ.